ಹಲಗೆ, ಡೊಳ್ಳಿನ ಸ್ಯಾಂಪಲ್‌ಗಳ ವಾಲ್ಯೂಮ್ ನಾನು ಹೊಂದಿಸುವ ರೀತಿ

ಕೊಪ್ಪಳ, ಗಂಗಾವತಿ ಕಡೆಯ ಹಲಗೆ, ಡೊಳ್ಳಿನ ಪೆಟ್ಟುಗಳನ್ನು ರೆಕಾರ್ಡ್ ಮಾಡಿ, ಆ ತುಣುಕುಗಳಿಂದ (ಇವೇ ಸ್ಯಾಂಪಲ್‌ಗಳು) ಕಂಪ್ಯೂಟರ್‌ನಲ್ಲಿ ನುಡಿಸುವ ನನ್ನದೇ ಒಂದು ಡ್ರಮ್ ಕಿಟ್ ಕಟ್ಟಿಕೊಂಡಿದ್ದೇನೆ. ಗಂಗಾವತಿಯಲ್ಲಿ ರೈಸ್ ಮಿಲ್ ಸದ್ದು ಕೇಳದ ಜಾಗ ಹುಡುಕುವುದೇ ಒಂದು ದೊಡ್ಡ ಕಥೆ, ಅದಿರಲಿ. ಆಮೇಲಿನ ತಲೆನೋವು ಏನೆಂದರೆ, ಒಂದು ಪೆಟ್ಟು ಇದ್ದಂತೆ ಇನ್ನೊಂದು ಇರುವುದಿಲ್ಲ. ಹಲಗೆಯನ್ನು ಬೆಂಕಿಗೆ ಕಾಸಿ ಬಾರಿಸುತ್ತಾರೆ, ಅಲ್ವಾ? ಆಗಷ್ಟೇ ಕಾಸಿದ್ದರೆ ಚರ್ಮ ಬಿಗಿಯಾಗಿ ಖಣಖಣ ಅನ್ನುತ್ತದೆ. ಸ್ವಲ್ಪ ಹೊತ್ತಾದರೆ ಸಡಿಲಾಗಿ ಮಂಕಾಗುತ್ತದೆ. ಕೈ ಅದೇ, ಮೈಕ್ ಅದೇ, ಸದ್ದು ಮಾತ್ರ ಬೇರೆ.

ಎಲ್ಲ ಸ್ಯಾಂಪಲ್ ಸೆಲೆಕ್ಟ್ ಮಾಡಿ, ಅವನ್ನು ತಾನಾಗಿ ಒಂದೇ ಮಟ್ಟಕ್ಕೆ ತರುವ ನಾರ್ಮಲೈಸ್ ಒತ್ತಿಬಿಡುವವರೇ ಜಾಸ್ತಿ. ನಾನು ಒತ್ತುವುದಿಲ್ಲ. ಪೀಕ್ ನಾರ್ಮಲೈಸ್ ನೋಡುವುದು ಸದ್ದಿನ ಅಲೆಯ ತುತ್ತತುದಿಯನ್ನು, ಅಂದರೆ ಪೀಕನ್ನು ಮಾತ್ರ. ಹಲಗೆಗೆ ಸಣ್ಣ ಕಡ್ಡಿ ಬಿದ್ದಾಗ ಆ ತುದಿ ಚೂಪಾಗಿ ಎದ್ದು ಅಲ್ಲೇ ಮುಗಿಯುತ್ತದೆ. ಡೊಳ್ಳಿನ ಧಂ ಎಳೆದುಕೊಂಡು ಹೋಗುತ್ತದೆ. ಎರಡರ ಪೀಕ್ ಒಂದೇ ಇದ್ದರೂ ಒಳ್ಳೆ ಸ್ಪೀಕರ್‌ನಲ್ಲಿ ಡೊಳ್ಳೇ ಜೋರು. ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂದು ಅಳೆಯುವ ಲಫ್ಸ್ (LUFS) ಮೀಟರ್ ಇಡೀ ಹಾಡಿಗೆ ಸರಿ. ಆದರೆ ಅದು 400 ಮಿಲಿಸೆಕೆಂಡಿನ ತುಂಡುಗಳಲ್ಲಿ ಅಳೆಯುತ್ತದೆ, ಕಡ್ಡಿ ಪೆಟ್ಟು ಅಷ್ಟು ಹೊತ್ತು ಇರುವುದೇ ಇಲ್ಲ.

ಹಾಗಾಗಿ ಕಿವಿಯೇ ಗತಿ. ಚೆನ್ನಾಗಿ ಕಾಸಿದ ಹಲಗೆಯ ಒಂದು ಮಧ್ಯಮ ಪೆಟ್ಟನ್ನು ಅಳತೆಗೆ ಇಟ್ಟುಕೊಳ್ಳುತ್ತೇನೆ. ಅದರ ಪೀಕ್ ಮೈನಸ್ 10 ಡೆಸಿಬೆಲ್ ಆಸುಪಾಸು ಇದ್ದರೆ ಸಾಕು (ಸದ್ದು ಒಡೆಯದೆ ಹೋಗಬಹುದಾದ ಗರಿಷ್ಠ ಮಟ್ಟ ಸೊನ್ನೆ). ಎರಡು ಮೂರು ವಾದ್ಯ ಒಟ್ಟಿಗೆ ಬಿದ್ದಾಗ ಮೇಲೆ ಜಾಗ ಬೇಕಲ್ಲ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಅಳತೆಯ ಪೆಟ್ಟು, ಹೊಸ ಪೆಟ್ಟು ಒಂದಾದ ಮೇಲೊಂದು ಬರುವಂತೆ ಲೂಪ್ ಹಾಕುತ್ತೇನೆ. ಆಮೇಲೆ ಸ್ಪೀಕರ್ ವಾಲ್ಯೂಮ್ ಇಳಿಸುತ್ತಾ ಹೋಗುವುದು. ಹೊಸ ಪೆಟ್ಟು ಮೊದಲು ಕಿವಿಯಿಂದ ಮರೆಯಾದರೆ ಅದನ್ನು ಏರಿಸಬೇಕು, ಅಳತೆಯದು ಮೊದಲು ಮರೆಯಾದರೆ ಹೊಸದನ್ನು ಇಳಿಸಬೇಕು. ಜೋರಾಗಿ ಇಟ್ಟು ಕೇಳಿದರೆ ಎಲ್ಲವೂ ಚೆನ್ನಾಗೇ ಇದೆ ಅನ್ನಿಸುತ್ತದೆ, ಉಪಯೋಗವಿಲ್ಲ. ಆರಿದ ಹಲಗೆಗೆ ಒಮ್ಮೊಮ್ಮೆ 3 ಡೆಸಿಬೆಲ್ ಏರಿಸಬೇಕಾಗುತ್ತದೆ. ಆಗ ಹಿಂದಿನ ಗಾಳಿ ಸದ್ದೂ ಮೇಲೆ ಬರುತ್ತದೆ, ಪೆಟ್ಟಿನ ಬಾಲ ಮೆಲ್ಲಗೆ ಇಳಿದು ಮುಗಿಯುವಂತೆ ಒಂದು ಸಣ್ಣ ಫೇಡ್ ಕೊಡುತ್ತೇನೆ.

ಏರಿಸುವುದು ಇಳಿಸುವುದು ಐಟಂ ವಾಲ್ಯೂಮ್‌ನಲ್ಲೇ, ಅಂದರೆ ಆ ಒಂದು ತುಣುಕಿನದ್ದೇ ವಾಲ್ಯೂಮ್‌ನಲ್ಲಿ. ಫೇಡರ್ ಮುಟ್ಟುವುದಿಲ್ಲ. ಇಡೀ ಟ್ರ್ಯಾಕಿನ ವಾಲ್ಯೂಮ್ ಹಿಡಿಯುವ ಫೇಡರ್, ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ ಆದಮೇಲೆ ಬರುತ್ತದೆ. ಅದರಲ್ಲಿ ಎಷ್ಟು ಸರಿಮಾಡಿದರೂ ಕಂಪ್ರೆಸರ್ ಒಳಗೆ ಹೋಗುವ ಸದ್ದು ಏರುಪೇರಾಗಿಯೇ ಇರುತ್ತದೆ.

ಮೆಲ್ಲನೆಯ ಪೆಟ್ಟನ್ನು ಜೋರು ಪೆಟ್ಟಿಗೆ ಯಾವತ್ತೂ ಸಮ ಮಾಡುವುದಿಲ್ಲ. ಮೆಲ್ಲನೆಯವು ತಮ್ಮೊಳಗೆ, ಜೋರಿನವು ತಮ್ಮೊಳಗೆ ಹೊಂದಿದರೆ ಸಾಕು. ನಡುವಿನ ಅಂತರ ಹೋದರೆ ಬಾರಿಸುವವನ ಕೈಯೇ ಹೋದಂತೆ. ಇನ್ನೊಂದು, ವೆಲಾಸಿಟಿಗೆ, ಅಂದರೆ ಕೀ ಎಷ್ಟು ಜೋರಾಗಿ ಒತ್ತಿದೆ ಅನ್ನುವುದಕ್ಕೆ ತಕ್ಕಂತೆ ವಾಲ್ಯೂಮ್ ಇಳಿಸುವ ಸೆಟ್ಟಿಂಗನ್ನು ಸ್ಯಾಂಪ್ಲರ್‌ನಲ್ಲಿ (ಸ್ಯಾಂಪಲ್ ನುಡಿಸುವ ಸಾಫ್ಟ್‌ವೇರ್) ಆಫ್ ಮಾಡಿರುತ್ತೇನೆ. ಇಲ್ಲದಿದ್ದರೆ ಮೊದಲೇ ಮೆಲ್ಲಗಿರುವ ಪೆಟ್ಟು ಇನ್ನಷ್ಟು ಕುಗ್ಗಿ ಕೇಳಿಸುವುದೇ ಇಲ್ಲ.

ಕೊನೆಗೆ ಫೋನ್‌ನಲ್ಲಿ ಕೇಳುತ್ತೇನೆ. ಡೊಳ್ಳಿನ ತಳದ ಧಂ ಅದರಲ್ಲಿ ಬರುವುದಿಲ್ಲ. ಹಾಗಂತ ವಾಲ್ಯೂಮ್ ಏರಿಸಿದರೆ ಜಾತ್ರೆಯ ಡಿಜೆ ಬಾಕ್ಸ್‌ನಲ್ಲಿ ಡೊಳ್ಳು ಬಿಟ್ಟು ಬೇರೇನೂ ಕೇಳಿಸದು. ಕೋಲು ಚರ್ಮಕ್ಕೆ ಬೀಳುವಾಗಿನ ಟಕ್ ಸದ್ದನ್ನು ಮಾತ್ರ ಈಕ್ಯೂನಲ್ಲಿ (ತಳದ, ಮೇಲಿನ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ಸ್ವಲ್ಪ ಎತ್ತುತ್ತೇನೆ.