ಕರಗುವಿಕೆಯ ಚಿತ್ರದಲ್ಲಿ ಚುಕ್ಕೆಗೆರೆ ಎಲ್ಲಿಂದ ಎಲ್ಲಿಗೆ?

ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಕೋಲಾರದ ಪಿಯು ವಿದ್ಯಾರ್ಥಿಗೆ ಹೊಸ ಸುದ್ದಿಯಲ್ಲ. ಆ ಫ್ಲೋರೈಡಿನ ಸುತ್ತ ನೀರು ಹೇಗೆ ನಿಲ್ಲುತ್ತದೆಂದು ಬೋರ್ಡಿನಲ್ಲಿ ಬರೆಯಿರಿ ಎಂದರೆ ಮಾತ್ರ ಅಣು ತಲೆಕೆಳಗಾಗಿಬಿಡುತ್ತದೆ.

ಮೊದಲು ನೀರಿನ ಅಣುವನ್ನು ಬಾಗಿಸಿ ಬರೆಯಿರಿ. ಕೋನ ಸುಮಾರು 104.5 ಡಿಗ್ರಿ. ಅಣುವಿನೊಳಗಿನ ಬಂಧಗಳಿಗೆ ಗಟ್ಟಿ ಗೆರೆ, ಅಣು–ಅಣುಗಳ ನಡುವಿನ ಸೆಳೆತಕ್ಕೆ ಮಾತ್ರ ಚುಕ್ಕೆಗೆರೆ. ಇದನ್ನು ಕಲಸಿದರೆ ನೀರು ಕರಗಿಸುವಾಗ ತಾನೇ ಒಡೆಯುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಆಕ್ಸಿಜನ್ ಪಕ್ಕ ಡೆಲ್ಟಾ ಮೈನಸ್, ಹೈಡ್ರೋಜನ್ ಪಕ್ಕ ಡೆಲ್ಟಾ ಪ್ಲಸ್; ಡೆಲ್ಟಾ ಎಂದರೆ ಭಾಗಶಃ ಆವೇಶ. ಅಯಾನಿಗೆ, ಅಂದರೆ ಆವೇಶ ಹೊತ್ತ ಕಣಕ್ಕೆ, ಡೆಲ್ಟಾ ಬೇಡ, ಅದರದು ಪೂರ್ಣ ಆವೇಶ.

ಸೋಡಿಯಮ್ ಫ್ಲೋರೈಡ್ ಕರಗಿದ ಚಿತ್ರ ತೆಗೆದುಕೊಳ್ಳಿ. ಫ್ಲೋರೈಡ್ ಅಯಾನಿನ ತ್ರಿಜ್ಯ ಸುಮಾರು 133 ಪಿಕೊಮೀಟರ್, ಸೋಡಿಯಮಿನದು 102. ಹಾಗಾಗಿ ಫ್ಲೋರೈಡಿನ ವೃತ್ತ ತುಸು ದೊಡ್ಡದಿರಲಿ. ನೀರಿನ ಪ್ರತಿ ಅಣುವಿನ ಒಂದೇ ಹೈಡ್ರೋಜನ್ ಅದರತ್ತ ನೇರವಾಗಿ ಚಾಚಬೇಕು; ಎರಡನ್ನೂ ಸಮನಾಗಿ ತಿರುಗಿಸುವುದು ವಾಡಿಕೆಯ ತಪ್ಪು. ಸೋಡಿಯಮ್ ಸುತ್ತ ಆಕ್ಸಿಜನ್ ಒಳಮುಖ. ಅಲ್ಲಿ ಸಾಮಾನ್ಯವಾಗಿ ಆರು ಅಣು ನಿಲ್ಲುತ್ತವೆ; ಬೋರ್ಡಿನಲ್ಲಿ ನಾಲ್ಕು ಬರೆದು, ಮುಂದೊಂದು ಹಿಂದೊಂದು ಇದೆಯೆಂದು ಬಾಯಲ್ಲಿ ಹೇಳಿ.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಅರ್ಧ. ಕ್ಯಾಲ್ಸಿಯಂ ಫ್ಲೋರೈಡಿನ ಸುತ್ತಲೂ ನೀರು ಇದೇ ರೀತಿ ಕೂರುತ್ತದೆ, ಆದರೂ ಒಂದು ಲೀಟರಿನಲ್ಲಿ ಕರಗುವುದು ಸುಮಾರು 16 ಮಿಲಿಗ್ರಾಂ ಮಾತ್ರ. ಕಾರಣ ಹರಳಿನೊಳಗೆ ಎರಡು ಪ್ಲಸ್ ಹೊತ್ತ ಕ್ಯಾಲ್ಸಿಯಂ ಅಯಾನಿನ ಬಿಗಿಹಿಡಿತ. ಆದ್ದರಿಂದ ಎಡಕ್ಕೆ ಹರಳು, ನಡುವೆ ನೀರು–ನೀರಿನ ಹೈಡ್ರೋಜನ್ ಬಂಧಗಳು (ಒಂದು ಅಣುವಿನ ಹೈಡ್ರೋಜನ್‌ಗೂ ಇನ್ನೊಂದರ ಆಕ್ಸಿಜನ್‌ಗೂ ನಡುವಿನ ಸೆಳೆತ), ಬಲಕ್ಕೆ ದ್ರಾವಣ: ಮೂರು ಚೌಕ ಹಾಕಿ. ಬಿಟ್ಟುಹೋದ ಹಿಡಿತ, ಹೊಸದಾಗಿ ಬಂದ ಹಿಡಿತ ಎರಡೂ ಕಾಣಬೇಕು. ನಮ್ಮ ಕಡೆಯ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾದಲ್ಲಿ ಫ್ಲೋರೈಡ್ ಏರುವುದಕ್ಕೂ ಇಲ್ಲೇ ಸುಳಿವಿದೆ: ಫ್ಲೋರೈಡನ್ನು ಹರಳಾಗಿ ಕೆಳಗಿಳಿಸಲು ಜೊತೆಗಾರ ಸಾಲದು.

ಆಲ್ಕೊಹಾಲುಗಳಿಗೆ ಬಂದಾಗ ಚುಕ್ಕೆಗೆರೆಯ ಒಂದು ತುದಿ ಆಕ್ಸಿಜನ್ ಅಥವಾ ನೈಟ್ರೋಜನ್‌ಗೆ ಅಂಟಿದ ಹೈಡ್ರೋಜನ್‌ನಲ್ಲೂ, ಇನ್ನೊಂದು ಎದುರಿನ ಆಕ್ಸಿಜನ್‌ನ ಒಂಟಿ ಜೋಡಿಯಲ್ಲೂ (ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿ) ಇರಬೇಕು. ಕಾರ್ಬನ್‌ಗೆ ಅಂಟಿದ ಹೈಡ್ರೋಜನ್‌ನಿಂದ ಗೆರೆ ಎಳೆದವರಿಗೆ ಅಂಕ ಕೊಡಬೇಡಿ. ಎಥನಾಲ್ ನೀರಿನೊಂದಿಗೆ ಎಷ್ಟು ಬೆರೆಸಿದರೂ ಬೆರೆಯುತ್ತದೆ, ಬ್ಯೂಟನಾಲ್ 100 ಮಿಲಿಲೀಟರಿಗೆ 7–8 ಗ್ರಾಂ, ಹೆಕ್ಸನಾಲ್ ಅರ್ಧ ಗ್ರಾಂ ಆಸುಪಾಸು. ಮೂರರಲ್ಲೂ ಹೈಡ್ರಾಕ್ಸಿಲ್ (OH ಗುಂಪು) ಒಂದೇ, ಉದ್ದವಾಗುವುದು ಕಾರ್ಬನ್ ಸರಪಳಿಯ ಬಾಲ. ಹಾಗಾಗಿ ಬಾಲಕ್ಕೆ ಬೇರೆ ಬಣ್ಣದ ಚಾಕ್ ಬಳಸಿ.

ಎಣ್ಣೆ–ನೀರಿನ ಚಿತ್ರದಲ್ಲಿ ಪರಸ್ಪರ ತಳ್ಳುವ ಬಾಣ ಹಾಕುವವರೇ ಹೆಚ್ಚು. ಅಲ್ಲಿ ತಳ್ಳಾಟವಿಲ್ಲ, ಅವುಗಳ ನಡುವೆಯೂ ದುರ್ಬಲ ಲಂಡನ್ ಸೆಳೆತವಿದೆ (ಎಲೆಕ್ಟ್ರಾನ್‌ಗಳ ಕ್ಷಣಿಕ ಏರುಪೇರಿನಿಂದ ಹುಟ್ಟುವ ಸೆಳೆತ). ಬಾಣ ಅಳಿಸಿ, ಎಣ್ಣೆಯ ಸುತ್ತಲಿನ ನೀರು ಒಂದಕ್ಕೊಂದು ಹಿಡಿದುಕೊಂಡಿರುವುದನ್ನು ತೋರಿಸಿ. ಅಲ್ಲಿನ ನೀರಿಗೆ ತಿರುಗಾಡುವ ಸ್ವಾತಂತ್ರ್ಯ ಕಡಿಮೆ. ಆ ಎಂಟ್ರೊಪಿ (ಅಣುಗಳ ಚದುರಾಟದ ಅಳತೆ) ನಷ್ಟವನ್ನು ಯಾವ ಚುಕ್ಕೆಗೆರೆಯೂ ಹೇಳದು. ಚಿತ್ರದ ಕೆಳಗೆ ಒಂದು ಸಾಲು ಬರೆಯಲೇಬೇಕು.