ಅಜೇಲಿಯಾ ಬೋನ್ಸಾಯ್: ಚಳಿಗಾಲದಲ್ಲಿ ಮನೆಯೊಳಗೆ ತರಬೇಡಿ

ಪ್ರತಿ ವರ್ಷ ಫೆಬ್ರವರಿಯಲ್ಲಿ ನನ್ನ ಫೋನಿಗೆ ಒಂದೇ ತರಹದ ಫೋಟೊಗಳು ಬರುತ್ತವೆ. ಕಿಟಕಿ ಪಕ್ಕ ಪುಟ್ಟ ಕುಂಡ, ಅದರಲ್ಲಿ ಒಣಗಿದ ಅಜೇಲಿಯಾ, ಸುತ್ತ ಉದುರಿದ ಕಂದು ಎಲೆ. ಜೊತೆಗೆ ಒಂದು ಸಾಲು: “ದಿನಾ ನೀರು ಹಾಕಿದ್ವಿ, ಚಳಿಗೆ ಬಿಡದೆ ಬೆಚ್ಚಗೆ ಒಳಗೇ ಇಟ್ಟಿದ್ವಿ, ಆದ್ರೂ ಹೋಯ್ತು.” ಬೆಚ್ಚಗೆ ಒಳಗೆ ಇಟ್ಟಿದ್ದಕ್ಕೇ ಹೋಗಿದ್ದು.

ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಅಕ್ಟೋಬರ್ ಬಂತೆಂದರೆ ಇಲ್ಲಿ ನಮ್ಮವರ ಮನೆಗಳಲ್ಲಿ ಕರಿಬೇವು, ತುಳಸಿ, ಮಲ್ಲಿಗೆ ಕುಂಡಗಳನ್ನೆಲ್ಲ ಒಳಗೆ ಹೊರುವ ಗಡಿಬಿಡಿ. ಅದು ಸರಿ, ಅವು ನಮ್ಮ ಊರಿನ ಗಿಡಗಳು, ಹಿಮ ತಡೆಯುವುದಿಲ್ಲ. ಆದರೆ ಅದೇ ಸಾಲಿನಲ್ಲಿ ಅಜೇಲಿಯಾವನ್ನೂ ತಂದು ಹೀಟರ್ ಪಕ್ಕ ಕೂರಿಸಿಬಿಡುತ್ತಾರೆ. ಅಜೇಲಿಯಾಗೆ ಚಳಿ ಬೇಕು. ಊಟಿ ಸುತ್ತಿನ ಬೆಟ್ಟಗಳಲ್ಲಿ, ಚಳಿಗಾಲದ ಬೆಳಗ್ಗೆ ಹುಲ್ಲೆಲ್ಲ ಹಿಮ ಕಟ್ಟಿ ಬೆಳ್ಳಗಾಗುವ ಜಾಗದಲ್ಲಿ, ಕೆಂಪು ಹೂ ಬಿಡುವ ರೋಡೊಡೆಂಡ್ರಾನ್ ಮರ ನೋಡಿದ್ದೀರಾ? ಅಜೇಲಿಯಾ ಅದರದೇ ಬಳಗದ್ದು. ಅದನ್ನು ಬಾಣಂತಿ ಹಾಗೆ ಬೆಚ್ಚಗಿನ ಕೋಣೆಯಲ್ಲಿ ಇಟ್ಟರೆ ಬದುಕುವುದಿಲ್ಲ.

ಗಿಡ ಆರಿಸುವುದು

ಬೋನ್ಸಾಯ್‌ಗೆ ಸತ್ಸುಕಿ ಅಜೇಲಿಯಾ ತಗೊಳ್ಳಿ. ಸತ್ಸುಕಿ ಅಂದರೆ ಜಪಾನಿನ ಹಳೇ ಪಂಚಾಂಗದ ಐದನೇ ತಿಂಗಳು. ಬೇರೆ ಅಜೇಲಿಯಾಗಳು ಹೂ ಬಿಟ್ಟು ಮುಗಿಸಿದ ಮೇಲೆ, ಮೇ ಕೊನೆಗೆ, ಜೂನ್‌ನಲ್ಲಿ ಇದು ಅರಳುತ್ತದೆ. ಎಲೆ ಚಿಕ್ಕದು, ಕಾಂಡ ಚೆನ್ನಾಗಿ ದಪ್ಪವಾಗುತ್ತದೆ, ಎಷ್ಟು ಸವರಿದರೂ ಹಳೇ ತೊಗಟೆಯಿಂದಲೇ ಹೊಸ ಚಿಗುರು ಒಡೆಯುತ್ತದೆ. ಮೊದಲ ಗಿಡಕ್ಕೆ ನಾನು ಹೇಳುವುದು ಕೋಜಾನ್ ತಳಿ, ಎಲೆಯೂ ಸಣ್ಣದು, ಹೂವೂ ಸಣ್ಣದು. ಹೂವಿನ ಬಣ್ಣ ನೋಡಿ ಕೊಳ್ಳಬೇಡಿ, ಬುಡ ನೋಡಿ ಕೊಳ್ಳಿ. ಮಣ್ಣಿಗೆ ಸೇರುವ ಕಡೆ ಕಾಂಡ ಅಗಲವಾಗಿ, ಬೇರು ಸುತ್ತಲೂ ಹರಡಿರಬೇಕು.

ಫೆಬ್ರವರಿ, ಮಾರ್ಚ್‌ನಲ್ಲಿ ದಿನಸಿ ಅಂಗಡಿಗಳಲ್ಲಿ ಬಣ್ಣದ ಕಾಗದ ಸುತ್ತಿ, ಮೈತುಂಬ ಹೂವಿರುವ ಅಜೇಲಿಯಾ ಮಾರುತ್ತಾರಲ್ಲ, ಅದು ಬೇರೆ. ಗಾಜಿನ ಮನೆಯಲ್ಲಿ ಬೆಳೆಸಿದ ಆ ಗಿಡ ಹಿಮ ತಡೆಯುವುದಿಲ್ಲ. ಈ ಲೇಖನದ ಚಳಿಗಾಲದ ಪಾಠ ಅದಕ್ಕೆ ಹೊಂದುವುದಿಲ್ಲ. ಇನ್ನು ಮಾಲ್‌ಗಳಲ್ಲಿ ಸಿಗುವ, ಮಣ್ಣಿನ ಮೇಲೆ ಕಲ್ಲುಹರಳು ಅಂಟಿಸಿದ ‘ಬೋನ್ಸಾಯ್’ ಮುಟ್ಟಲೇಬೇಡಿ. ನಾನೊಮ್ಮೆ ಹಾಗೆ ತಂದು ಹರಳು ಕಿತ್ತು ನೋಡಿದರೆ, ಅಂಟಿನ ಪದರದ ಕೆಳಗೆ ಮಣ್ಣು ಬೂದಿಯಂತೆ ಒಣಗಿತ್ತು. ನೀರೆಲ್ಲ ಅಂಚಿನಿಂದ ಜಾರಿ ಹೋಗುತ್ತಿತ್ತು.

ಮಣ್ಣು, ಬೇರು

ಅಜೇಲಿಯಾಗೆ ಹುಳಿ ಮಣ್ಣು ಬೇಕು. ಜಪಾನಿನವರು ಕನುಮ ಬಳಸುತ್ತಾರೆ. ಅಕಾಗಿ ಅಗ್ನಿಪರ್ವತ ಬಹಳ ಹಿಂದೆ ಉಗುಳಿದ ಹಗುರವಾದ ನೊರೆಗಲ್ಲು ಅದು. ತೊಚಿಗಿ ಪ್ರಾಂತ್ಯದ ಕನುಮ ಊರಿನ ಸುತ್ತ ಅಗೆದು ತೆಗೆಯುವುದರಿಂದ ಆ ಹೆಸರು. ಒಣಗಿದಾಗ ತಿಳಿ ಹಳದಿ, ಒದ್ದೆಯಾದಾಗ ಗಾಢ ಹಳದಿ. ನೀರು ಬೇಕೋ ಬೇಡವೋ ಅಂತ ಮಣ್ಣೇ ಹೇಳುತ್ತದೆ. ತೇವ ಅಳೆಯುವ ಅಗ್ಗದ ಮೀಟರ್‌ಗಳಿಗೆ ದುಡ್ಡು ಹಾಕಬೇಡಿ, ಇಂಥ ಹರಳುಮಣ್ಣಿನಲ್ಲಿ ಅವು ಸರಿಯಾಗಿ ತೋರಿಸುವುದಿಲ್ಲ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತೆ ಅಂತ ಸುಮಾರು ಜನ ನಂಬಿದ್ದಾರೆ. ಕುದಿ ನೀರಿಗೆ ಹುಳಿಯ ಬಹುಪಾಲು ಇಳಿದು ನಿಮ್ಮ ಲೋಟಕ್ಕೆ ಹೋಗಿರುತ್ತದೆ. ಉಳಿದ ಚರಟ ಮೇಲೆ ಹೆಪ್ಪುಗಟ್ಟಿ ನೀರಿಳಿಯಲು ಬಿಡುವುದಿಲ್ಲ, ಅಷ್ಟೇ.

ಕುಂಡ ಬದಲಿಸುವುದು ಎರಡು ಮೂರು ವರ್ಷಕ್ಕೊಮ್ಮೆ, ಹೂ ಮುಗಿದ ಕೂಡಲೇ. ಕುಂಡದಿಂದ ಹೊರಗೆ ತೆಗೆದಾಗ ಬೇರು ತೆಂಗಿನ ನಾರಿನ ಉಂಡೆ ತರಹ ಕಾಣುತ್ತದೆ, ಕೂದಲಿಗಿಂತ ಸಣ್ಣ ಎಳೆಗಳು. ಈ ಉಂಡೆಯನ್ನು ಹಾಗೇ ಹೊಸ ಕುಂಡಕ್ಕೆ ಇಳಿಸಿ ಸುತ್ತ ಮಣ್ಣು ತುಂಬುವುದು ಎಲ್ಲರೂ ಮಾಡುವ ತಪ್ಪು. ಉಂಡೆಯ ನಡುಭಾಗ ಒಮ್ಮೆ ಒಣಗಿತೆಂದರೆ ನೀರು ಹೊರಗಿನ ಮಣ್ಣಿನಲ್ಲೇ ಹರಿದುಹೋಗುತ್ತದೆ, ಒಳಗೆ ಒಂದು ಹನಿ ಇಳಿಯುವುದಿಲ್ಲ. ಚೂಪಾದ ಕಡ್ಡಿಯಿಂದ ಅಂಚಿನಿಂದ ಒಳಕ್ಕೆ ನಿಧಾನವಾಗಿ ಬಿಡಿಸಿ, ತಳದ ಮೂರನೇ ಒಂದು ಭಾಗ ಕತ್ತರಿಸಿ, ಆಮೇಲೆ ನೆಡಿ.

ನೀರಿನ ವಿಷಯದಲ್ಲಿ ಒಂದೇ ಮಾತು: ಮಳೆ ನೀರು. ಗಡಸು ನೀರು ಹಾಕಿದರೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನಿಂದ ಅಜೇಲಿಯಾ ಬೆಳೆಸಲು ಹೊರಟವರಿಗೆ ಚಳಿಗಿಂತ ಇದೇ ದೊಡ್ಡ ತೊಂದರೆ.

ಸವರುವುದು

ಮಾವು, ಹೊಂಗೆಯಂಥ ಮರಗಳಲ್ಲಿ ತುದಿಗೆ ಬಲ ಜಾಸ್ತಿ. ಅಜೇಲಿಯಾ ತಿರುವುಮುರುವು, ಬುಡದ ಕೊಂಬೆಗಳೇ ಕೊಬ್ಬುತ್ತವೆ. ಹಾಗಾಗಿ ಕೆಳಗೆ ಗಟ್ಟಿಯಾಗಿ ಸವರಿ, ತುದಿಯನ್ನು ಜಾಸ್ತಿ ಮುಟ್ಟಬೇಡಿ. ಹೂ ಬಾಡುತ್ತಿದ್ದಂತೆ ಕಾಯಿ ಕಟ್ಟುವ ಭಾಗದ ಸಮೇತ ಕಿತ್ತುಬಿಡಿ. ಒಂದೇ ಕಡೆ ನಾಲ್ಕೈದು ಚಿಗುರು ಹೊರಟಿದ್ದರೆ ಎರಡು ಉಳಿಸಿ, ಮಿಕ್ಕಿದ್ದು ತೆಗೆಯಿರಿ. ಜುಲೈ ನಡುವಿನ ಹೊತ್ತಿಗೆ ಕತ್ತರಿ ಎತ್ತಿಡಬೇಕು. ಬೇಸಿಗೆ ಕೊನೆಗೆ ಚಿಗುರಿನ ತುದಿಯಲ್ಲಿ ಮುಂದಿನ ವರ್ಷದ ಮೊಗ್ಗು ಕೂರುತ್ತದೆ, ತಡವಾಗಿ ಸವರಿದರೆ ಮೊಗ್ಗೆಲ್ಲ ಕಸದ ಬುಟ್ಟಿಗೆ. ತಂತಿ ಸುತ್ತುವವರು ಒಂದು ದಿನ ನೀರು ಕಡಿಮೆ ಮಾಡಿ ಸುತ್ತಿ. ನೀರು ಕುಡಿದ ಕೊಂಬೆ ಹಪ್ಪಳದ ಹಾಗೆ ಚಟ್ಟನೆ ಮುರಿಯುತ್ತದೆ.

ಎಲೆ, ಹೂ, ಕಡ್ಡಿ ಎಲ್ಲದರಲ್ಲೂ ವಿಷ ಇದೆ. ಬಾಯಿಗಿಡುವ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯವರು ಕುಂಡವನ್ನು ಅವರ ಕೈಗೆ, ಬಾಯಿಗೆ ಸಿಗದ ಕಡೆ ಇಡಿ.

ಈಗ ಚಳಿಗಾಲ

ಮೊದಲು ಇದು ತಿಳಿದಿರಲಿ: ಗಿಡದ ಮೈಗೆ ಚಳಿ ತಡೆಯುವ ಶಕ್ತಿ ಇದೆ, ಬೇರಿಗೆ ಅಷ್ಟಿಲ್ಲ. ನೆಲದಲ್ಲಿರುವ ಅಜೇಲಿಯಾದ ಬೇರನ್ನು ಭೂಮಿಯೇ ಕಾಯುತ್ತದೆ. ಬೋನ್ಸಾಯ್ ಕುಂಡದಲ್ಲಿ ಮಣ್ಣು ಇರುವುದೇ ನಾಲ್ಕು ಬೆರಳು, ಒಂದೇ ರಾತ್ರಿಯಲ್ಲಿ ಪೂರ್ತಿ ಕಲ್ಲಾಗುತ್ತದೆ. ಆದ್ದರಿಂದ ನಮ್ಮ ಕೆಲಸ ಬೇರನ್ನು ಕಡು ಚಳಿಯಿಂದ ಕಾಯುವುದು, ಗಿಡವನ್ನು ಬೆಚ್ಚಗೆ ಮಾಡುವುದಲ್ಲ. ನಾನು ಇಟ್ಟುಕೊಂಡಿರುವ ಲೆಕ್ಕ: ಕುಂಡದ ಸುತ್ತ ಮೈನಸ್ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು, 7 ಡಿಗ್ರಿಗಿಂತ ಮೇಲೆ ಹೋಗಬಾರದು.

ಮೇಲೆ ಹೋದರೆ ಏನಾಗುತ್ತೆ? ಮೊಗ್ಗು ಸರಿಯಾಗಿ ಅರಳಬೇಕಾದರೆ ಕನಿಷ್ಠ ಆರೆಂಟು ವಾರ ತಂಪಿನಲ್ಲಿ ಮಲಗಿರಬೇಕು. 22 ಡಿಗ್ರಿಯ ಹಾಲ್‌ನಲ್ಲಿ ಇಟ್ಟರೆ ಗಿಡಕ್ಕೆ ನಿದ್ದೆಯೇ ಇಲ್ಲ. ಹೀಟರ್ ಗಾಳಿ ಎಲೆಯ ತೇವ ಹೀರುತ್ತದೆ, ಆ ಒಣ ಗಾಳಿಗೆ ಕೆಂಪು ನುಸಿ ಹತ್ತುತ್ತದೆ, ಬಡಕಲು ಚಿಗುರು ಬರುತ್ತದೆ, ಉದುರುತ್ತದೆ. ಜನವರಿಯೊಳಗೆ ಮುಗಿಯಿತು.

ತಯಾರಿ ಗಣೇಶನ ಹಬ್ಬದ ಹೊತ್ತಿಗೇ ಶುರುವಾಗಬೇಕು. ಅಲ್ಲಿಂದಾಚೆ ಸಾರಜನಕದ ಗೊಬ್ಬರ ಬೇಡ. ತಡವಾಗಿ ಗೊಬ್ಬರ ಕೊಟ್ಟರೆ ಅಕ್ಟೋಬರ್‌ನಲ್ಲೂ ಎಳೆ ಚಿಗುರು ಬರುತ್ತದೆ, ಮೊದಲ ಹಿಮ ಬಿದ್ದಾಗ ಬುಡದ ತೊಗಟೆ ಉದ್ದುದ್ದ ಸೀಳುತ್ತದೆ. ಆ ಸೀಳು ಆಗ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಒಂದು ಕೊಂಬೆ ಇದ್ದಕ್ಕಿದ್ದ ಹಾಗೆ ಬಾಡಿದಾಗ ಗೊತ್ತಾಗುತ್ತದೆ.

ದೀಪಾವಳಿ ಸುಮಾರಿಗೆ ಒಳಗಡೆ ಎಲೆಗಳು ಹಳದಿ, ಕೆಂಪಾಗಿ ಉದುರಲು ಶುರು. ಗಾಬರಿ ಬೇಡ. ಅಜೇಲಿಯಾ ಎರಡು ತರಹದ ಎಲೆ ಬಿಡುತ್ತದೆ: ವಸಂತದ ದೊಡ್ಡ ಎಲೆ ಈಗ ಹೋಗುತ್ತದೆ, ಬೇಸಿಗೆಯಲ್ಲಿ ತುದಿಯಲ್ಲಿ ಬಂದ ಸಣ್ಣ ಎಲೆ ಚಳಿಗಾಲ ಪೂರ್ತಿ ಉಳಿಯುತ್ತದೆ. ಈ ಉದುರುವಿಕೆ ನೋಡಿಯೇ ಎಷ್ಟೋ ಜನ ಹೆದರಿ ಗಿಡವನ್ನು ಒಳಗೆ ತರುವುದು.

ಸಣ್ಣಪುಟ್ಟ ಹಿಮ ಎರಡು ಮೂರು ಸಲ ಬೀಳಲಿ, ಗಿಡ ಗಟ್ಟಿಯಾಗಲಿ. ನಮ್ಮ ಕಡೆ ನವೆಂಬರ್ ಕೊನೆಯ ಹೊತ್ತಿಗೆ, ರಾತ್ರಿ ಮೈನಸ್ 4ಕ್ಕೆ ಇಳಿಯುವ ಮುಂಚೆ, ಜಾಗ ಬದಲಿಸುತ್ತೇನೆ. ಜಾಗ ಎರಡು ತರಹ.

ಒಂದು, ಹೀಟರ್ ಇಲ್ಲದ ಗ್ಯಾರೇಜು. ನನ್ನ ಆಯ್ಕೆ ಇದೇ. ಮನೆಗೆ ಅಂಟಿದ ಗೋಡೆಯ ಕಡೆ ಬೇಡ, ಅಲ್ಲಿ ಶಾಖ ಜಾಸ್ತಿ, ಜನವರಿಯ ಒಂದು ಬೆಚ್ಚಗಿನ ವಾರ ಸಾಕು ಗಿಡ ಎಚ್ಚರಗೊಳ್ಳಲು. ಬಾಗಿಲ ಸಂದಿಯ ಗಾಳಿ ಬಡಿಯುವ ಕಡೆಯೂ ಬೇಡ. ಕಿಟಕಿ ಇದ್ದರೆ ಅದರ ಹತ್ತಿರ ನೆಲದ ಮೇಲೆ, ಮರದ ಹಲಗೆ ಹಾಕಿ ಇಡಿ. ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇರಲಿ, ರಾತ್ರಿಯ ಅತಿ ಕಡಿಮೆ ಎಷ್ಟಿತ್ತು ಅಂತ ನೆನಪಿಟ್ಟುಕೊಳ್ಳುವಂಥದ್ದು. ಈ ಇಡೀ ಕೆಲಸದಲ್ಲಿ ದುಡ್ಡು ಕೊಟ್ಟು ಕೊಳ್ಳಲೇಬೇಕಾದ ವಸ್ತು ಇದೊಂದೇ. ಹೊರಗೆ ಮೈನಸ್ 12, 15 ಆಗುವ ರಾತ್ರಿ ಕುಂಡವನ್ನು ಥರ್ಮೊಕೋಲ್ ಡಬ್ಬದೊಳಗೆ ಇಳಿಸಿ, ಸುತ್ತ ತರಗೆಲೆ ತುರುಕಿ, ಮೇಲೊಂದು ಹಳೇ ಕಂಬಳಿ ಹೊದಿಸಿ. ಚಳಿ ಇಳಿದ ಮೇಲೆ ಕಂಬಳಿ ತೆಗೆಯಿರಿ.

ಎರಡು, ನೆಲದಲ್ಲಿ ಹೂಳುವುದು. ಗ್ಯಾರೇಜು ಇಲ್ಲದವರಿಗೆ. ಮನೆಯ ಉತ್ತರ ಅಥವಾ ಪೂರ್ವದ ಕಡೆ, ಗಾಳಿ ಮರೆ ಇರುವಲ್ಲಿ, ಕುಂಡದ ಅಂಚಿನ ತನಕ ಗುಂಡಿ ತೋಡಿ ಇಳಿಸಿ. ಮೇಲೆ ಪೈನ್ ತೊಗಟೆ ಅಥವಾ ತರಗೆಲೆ ಒಂದು ಗೇಣು. ದಕ್ಷಿಣದ ಬಿಸಿಲು ಗೋಡೆ ಪಕ್ಕ ಚೆನ್ನಾಗಿ ಕಾಣಿಸುತ್ತೆ, ಆದರೆ ಅಲ್ಲಿ ಮಧ್ಯಾಹ್ನ ಕರಗಿ ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ, ಹೀಗೆ ದಿನಾ ಎಳೆದಾಡುವುದು ಒಂದೇ ಸಮ ಹೆಪ್ಪುಗಟ್ಟಿರುವುದಕ್ಕಿಂತ ಕೆಟ್ಟದ್ದು. ಪ್ಲಾಸ್ಟಿಕ್ ಹಾಳೆ ಸುತ್ತಬೇಡಿ, ಬಿಸಿಲು ಬಿದ್ದರೆ ಒಳಗೆ ಬೇಯುತ್ತದೆ. ಗಾಳಿಗೆ ಮರೆಯಾಗಿ ಗೋಣಿಚೀಲ ಕಟ್ಟಿ. ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಇರಲಿ. ತರಗೆಲೆಯ ಅಡಿ ಬೆಚ್ಚಗಿರುತ್ತೆ ಅಂತ ಇಲಿ ಸೇರಿಕೊಂಡು ಕಾಂಡದ ತೊಗಟೆಯನ್ನು ಸುತ್ತಲೂ ಕಡಿದುಹಾಕುತ್ತದೆ. ಕೆಮ್ಮಣ್ಣಿನ ಕುಂಡ ಹಿಮಕ್ಕೆ ಸೀಳುತ್ತದೆ, ಅದನ್ನು ಹೂಳಲೇಬೇಡಿ.

ಇನ್ನು ನೀರು. ಚಳಿಗಾಲದಲ್ಲಿ ಸಾಯುವ ಅಜೇಲಿಯಾಗಳಲ್ಲಿ ನಾನು ನೋಡಿದ ಮಟ್ಟಿಗೆ ಅರ್ಧಕ್ಕರ್ಧ ಸತ್ತಿದ್ದು ಬಾಯಾರಿಕೆಯಿಂದ. ಎಲೆ ಇದೆ, ಅದರಿಂದ ತೇವ ಹೋಗುತ್ತಲೇ ಇರುತ್ತದೆ, ಹೆಪ್ಪುಗಟ್ಟಿದ ಬೇರಿಗೆ ನೀರು ಎಳೆಯಲಾಗುವುದಿಲ್ಲ. ಕಡು ಚಳಿ ಬರುವ ಸುದ್ದಿ ಇದ್ದರೆ ಹಿಂದಿನ ದಿನ ಮಧ್ಯಾಹ್ನ ಚೆನ್ನಾಗಿ ನೀರು ಕೊಡಿ. ಗ್ಯಾರೇಜಿನಲ್ಲಿರುವ ಕುಂಡವನ್ನು ವಾರಕ್ಕೊಮ್ಮೆ ಎತ್ತಿ ನೋಡಿ, ಹಗುರವಾಗಿದ್ದರೆ ನೀರು. ಹತ್ತು ದಿನ ಆದರೂ ಭಾರ ಇಳಿಯದಿದ್ದರೆ ಹಾಗೇ ಬಿಡಿ. ಹಿಮ ಬಿದ್ದ ದಿನ ಹೊರಗಿನಿಂದ ಎರಡು ಬೊಗಸೆ ತಂದು ಕುಂಡದ ಮೇಲೆ ಹಾಕುತ್ತೇನೆ. ನಿಧಾನವಾಗಿ ಕರಗಿ ಇಳಿಯುತ್ತದೆ, ಮಳೆ ನೀರಿನಷ್ಟೇ ಮೃದು. ರಸ್ತೆ ಬದಿಯದು ಬೇಡ, ಅದರಲ್ಲಿ ಉಪ್ಪಿರುತ್ತದೆ.

ಜನವರಿಯ ಬೆಳಗ್ಗೆ ಎಲೆಗಳು ಸುರುಳಿ ಸುತ್ತಿ ಜೋತುಬಿದ್ದಿದ್ದರೆ ಅದೂ ಸಹಜ, ಚಳಿ ಕಡಿಮೆಯಾದಾಗ ಬಿಚ್ಚಿಕೊಳ್ಳುತ್ತವೆ. ಬಿಸಿಲೇರಿ ಮಣ್ಣು ಕರಗಿದ ಮೇಲೂ ಬಿಚ್ಚದಿದ್ದರೆ ಮಾತ್ರ ನೀರಿನ ಕೊರತೆ.

ಮತ್ತೆ ಹೊರಗೆ

ಯುಗಾದಿಗೆ ಕೈ ತುರಿಸುತ್ತದೆ, ನನಗೆ ಗೊತ್ತು. ಹಗಲು ಹೊರಗೆ, ನೆರಳಿನಲ್ಲಿ ಇಡಿ, ರಾತ್ರಿ ಗ್ಯಾರೇಜಿಗೆ. ಚಳಿಗಾಲದಲ್ಲಿ ಮುಚ್ಚಿಕೊಂಡಿದ್ದ ಮೊಗ್ಗು ಎಷ್ಟೋ ಚಳಿ ತಡೆದಿರುತ್ತದೆ, ಈಗ ಉಬ್ಬಿದ ಮೊಗ್ಗಿಗೆ ಸಣ್ಣ ಹಿಮವೂ ಸಾಕು. ಏಪ್ರಿಲ್ ಕೊನೆ ದಾಟಿದ ಮೇಲೆ ಪೂರ್ತಿ ಹೊರಗೆ, ಬೆಳಗಿನ ಬಿಸಿಲಿಗೆ.

ಎಲೆಯೆಲ್ಲ ಉದುರಿ ಗಿಡ ಹೋಯಿತು ಅನ್ನಿಸಿದರೂ ಎಸೆಯಬೇಡಿ. ಕಳೆದ ವರ್ಷ ಗೆಳತಿಯೊಬ್ಬರು ಕಸಕ್ಕೆ ಇಟ್ಟಿದ್ದ ಕುಂಡವನ್ನು ನಾನು ಎತ್ತಿಕೊಂಡು ಬಂದೆ. ತುದಿಯ ಕಡ್ಡಿಯನ್ನು ಉಗುರಿನಿಂದ ಕೆರೆದೆ, ಒಳಗೆ ಕಂದು. ಎರಡು ಅಂಗುಲ ಕೆಳಗೆ ಕೆರೆದೆ, ಅಲ್ಲೂ ಕಂದು. ಬುಡದ ಹತ್ತಿರ ಕೆರೆದಾಗ ತೊಗಟೆ ಅಡಿಯಲ್ಲಿ ಹಸಿ ಬಟಾಣಿ ಬಣ್ಣದ ಒಂದು ಗೆರೆ ಕಂಡಿತು. ಒಣಗಿದ್ದನ್ನೆಲ್ಲ ಕತ್ತರಿಸಿ, ಗಾಯಕ್ಕೆ ಮುಲಾಮು ಮೆತ್ತಿ, ನೆರಳಿನಲ್ಲಿಟ್ಟು ತೇವ ಆರದ ಹಾಗೆ ನೋಡಿಕೊಂಡೆ. ಜೂನ್ ಎರಡನೇ ವಾರ ಬುಡದಲ್ಲಿ ಸಾಸಿವೆ ಗಾತ್ರದ ಹನ್ನೊಂದು ಚಿಗುರು ಎದ್ದಿದ್ದವು. ನೀವೂ ಜೂನ್ ತನಕ ಕಾಯಿರಿ.