‘ಡಿಜಿಟಲ್ ಅರೆಸ್ಟ್’ ಅಂದವನಿಗೆ ಅಮ್ಮ ಕೇಳಿದ ಪ್ರಶ್ನೆ

ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ವಾಟ್ಸಾಪ್ ವಿಡಿಯೋ ಕಾಲ್ ಬಂತು. ಖಾಕಿ ಹಾಕಿದವನೊಬ್ಬ, "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ" ಅಂದ. ಅಮ್ಮನ ಕೈ ನಡುಗುತ್ತಿತ್ತು. ಆದರೂ ನಾನು ಹೇಳಿಕೊಟ್ಟಿದ್ದು ನೆನಪಿತ್ತು: "ಯಾವ ಸ್ಟೇಷನ್ನಪ್ಪಾ? ನಾನೇ ಅಲ್ಲಿಗೆ ಫೋನ್ ಮಾಡ್ತೀನಿ." ಅವನೇ ಕಾಲ್ ಕಟ್ ಮಾಡಿದ.

ನೀವೂ ಇದನ್ನೇ ಕೇಳಿ. ಹೀಗೆ ವಿಡಿಯೋ ಕಾಲ್‌ನಲ್ಲೇ ಕೂರಿಸಿ ‘ಬಂಧಿಸಿದ್ದೇವೆ’ ಅನ್ನುವ ಡಿಜಿಟಲ್ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ಸುಮ್ನೆ ಈ ವಂಚಕರನ್ನು ಆಟ ಆಡಿಸುತ್ತಾ ಕೂರಬೇಡಿ, ಮಾತು ಬೆಳೆದಷ್ಟೂ ನಮ್ಮ ವಿವರವೇ ಜಾಸ್ತಿ ಹೊರಬೀಳುತ್ತದೆ. ನಿಜವಾದ ತಿರುಗೇಟು ಅಂದರೆ ದೂರು. ನಂಬರಿನ ಸ್ಕ್ರೀನ್‌ಶಾಟ್ ತೆಗೆದು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ, ಅನುಮಾನದ ಕರೆಗಳ ದೂರಿಗಿರುವ ‘ಚಕ್ಷು’ ವಿಭಾಗದಲ್ಲಿ ಹಾಕಿ. ದುಡ್ಡು ಹೋಗಿದ್ದರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದರೆ ಹಣವನ್ನು ದಾರಿಯಲ್ಲೇ ತಡೆಯಬಹುದು. ಅಮ್ಮ ಆ ನಂಬರನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದಾರೆ.